ಬಲಗಿಯ ಅಂಚು

ಸೂರತ್

...ಅಥವಾ ರೈಲಿನಲ್ಲಿ ಆ ಸೀರೆ ವ್ಯಾಪಾರಿ ಸಿಕ್ಕಿದ್ದು ಸೂರತ್‌ನಲ್ಲಿ ಅಲ್ಲವೇನೋ. ನನ್ನ ನೆನಪಿನಲ್ಲಿ ಅವನ ಪಕ್ಕ ಕೂರುವಾಗಲೇ ನನ್ನ ಕೈಯಲ್ಲಿ ಉಪ್ಪು ಹಾಕಿ ಹುರಿದ ಕಡಲೆಬೀಜದ ಪೊಟ್ಟಣವಿದೆ. ಅದು ಭರೂಚ್‌ನ ಸರಕು. ಭರೂಚ್ ಬರುವುದು ಸೂರತ್ ದಾಟಿದ ಮೇಲೆ. ಹಾಗಾದರೆ ವ್ಯಾಪಾರಿಯೋ ಕಡಲೆಬೀಜವೋ, ಎರಡರಲ್ಲಿ ಒಂದು ತಪ್ಪು ಜಾಗದಲ್ಲಿದೆ. ಯಾವುದು ಎಂದು ತೀರ್ಮಾನಿಸದೆ ಎರಡನ್ನೂ ಹಾಗೇ ಬಿಡುತ್ತೇನೆ. ಈ ಪ್ರವಾಸದ ಬೇರೆ ಸಂಗತಿಗಳಲ್ಲಿ ಇಂಥ ತಪ್ಪಿಗೆ ಬೆಲೆ ಜಾಸ್ತಿ.

ಗುಜರಾತಿಗೆ ಪಾಸ್‌ಪೋರ್ಟ್ ಬೇಡ. ಆದರೆ ತುಮಕೂರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿರುವ ನನಗೆ ಅದು ಪರದೇಶವೇ ಆಗಿತ್ತು. ಸ್ಟೇಷನ್ನಿನ ಹೆಸರು ಬಿಟ್ಟರೆ ಬೋರ್ಡಿನ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಸೂರತ್‌ನಲ್ಲಿ ಬಾಟಲಿಗೆ ನೀರು ತುಂಬಲು ಇಳಿದೆ. ನಲ್ಲಿಯ ಮುಂದೆ ಸಾಲಿತ್ತು. ಗಾಡಿ ಹೊರಟಿತು. ಕೈಗೆ ಸಿಕ್ಕ ಬೋಗಿಗೆ ಹತ್ತಿಕೊಂಡೆ. ಅದು ಜನರಲ್ ಬೋಗಿ, ನನ್ನ ಚೀಲವಿದ್ದ ಬೋಗಿಗೆ ಒಳಗಿನಿಂದ ದಾರಿ ಇರಲಿಲ್ಲ. ಬಟ್ಟೆಯ ಗಂಟುಗಳ ಮೇಲೆ ಕುಳಿತಿದ್ದ ಒಬ್ಬ ದಪ್ಪ ಮನುಷ್ಯ ಒಂದು ಗಂಟನ್ನು ಕಾಲಿನಿಂದ ಸರಿಸಿ ಜಾಗ ಮಾಡಿಕೊಟ್ಟ.

ನಮ್ಮ ಕಡೆ ಹೊಸಬರನ್ನು ಕಂಡರೆ ಯಾವ ಊರು ಎಂದು ಕೇಳುತ್ತೇವೆ. ಅಲ್ಲಿ ಯಾವ ಲೈನು, ಅಂದರೆ ಯಾವ ಧಂಧೆ, ಎಂದು ಕೇಳುತ್ತಾರೆ. ಚಿತ್ರ ಬರೆಯುವುದನ್ನು ಕಲಿಸುತ್ತೇನೆ ಎಂದೆ. ಅವನು ಖುಷಿಯಾಗಿ ಗಂಟಿನಿಂದ ಮಾದರಿ ತುಂಡುಗಳನ್ನು ಎಳೆದು ತೊಡೆಯ ಮೇಲೆ ಹರಡಿದ. ಬಾದಾಮಿ ಎಲೆಯಂಥ ಒಂದೇ ನಮೂನೆ, ಹತ್ತು ಬಣ್ಣದಲ್ಲಿ.

"ಈ ವರ್ಷ ಇಡೀ ಮಾರ್ಕೆಟ್ ಇದೇ," ಎಂದ ಹಿಂದಿಯಲ್ಲಿ. "ಉಳಿದ ಡಿಸೈನೆಲ್ಲ ಗೋಡೌನಲ್ಲಿ ಮಲಗಿವೆ."

"ಯಾಕೆ ಇದೇ?"

"ಗೊತ್ತಿದ್ದರೆ ನಾನು ಜನರಲ್ ಬೋಗಿಯಲ್ಲಿ ಕೂತಿರುತ್ತಿದ್ದೆನಾ ಮಾಸ್ಟರ್‌ಜೀ? ಮಾರಾಟವಾದ ಮೇಲೆ ಎಲ್ಲರೂ ಕಾರಣ ಹೇಳುತ್ತಾರೆ. ಮೊದಲು ಒಬ್ಬನೂ ಹೇಳಲಿಲ್ಲ."

ಅಹಮದಾಬಾದಿಗೆ ಯಾಕೆ ಹೊರಟೆ ಎಂದು ಅವನು ಕೇಳಿದ್ದಕ್ಕೆ, ಅಪರಿಚಿತನ ಎದುರು ಸಿಗುವ ಧೈರ್ಯದಲ್ಲಿ, ಹೇಳಿಬಿಟ್ಟೆ. ಹದಿನಾರು ವರ್ಷದ ಹಿಂದೆ, ಡ್ರಾಯಿಂಗ್ ಮೇಷ್ಟ್ರ ಕೆಲಸ ಸಿಗುವ ಮೊದಲು, ನನ್ನ ಹಾಸ್ಟೆಲ್ ಗೆಳೆಯ ಸದಾನಂದನ ಜೊತೆ ಅವನ ಸಂಶೋಧನೆಗೆಂದು ಎರಡು ಬೇಸಿಗೆ ಘಟ್ಟದ ಮಳೆಕಾಡಿನಲ್ಲಿ ಮರ ಎಣಿಸಿದ್ದೆ. ಮಳೆಕಾಡಿನಲ್ಲಿ ಕೈಯಳತೆಯ ದೂರಕ್ಕೆ ಒಂದೊಂದು ಜಾತಿಯ ಮರ. ಒಂದರ ಪಕ್ಕ ಅದೇ ಇನ್ನೊಂದು ಸಿಗುವುದು ಅಪರೂಪ. ಆದರೆ ಕೆಲವು ಕಡೆ, ಯಾರೂ ನೆಡದೆ, ಒಂದೇ ಜಾತಿ ಎದ್ದು ಜಾಗವನ್ನೆಲ್ಲ ಹಿಡಿದುಬಿಡುತ್ತದೆ. ನಾವು ಎಣಿಸಿದ ಕಡೆ ಅದು ಬಲಗಿ. ಬುಡದಲ್ಲಿ ಊರುಗೋಲಿನ ಹಾಗೆ ಬೇರು ಬಿಟ್ಟು ನಿಲ್ಲುವ ಮರ. ಅದರ ಬೀಜ ತಾಯಿಯ ಕಾಲ ಬಳಿಯೇ ಬೀಳುತ್ತದೆ, ಸಸಿ ಕತ್ತಲಲ್ಲಿ ವರ್ಷಗಟ್ಟಲೆ ಸಾಯದೆ ಕಾಯುತ್ತದೆ, ಮೇಲೆ ಬೆಳಕಿನ ಕಿಂಡಿ ತೆರೆದಾಗ ಉಳಿದವರಿಗಿಂತ ಮುಂಚೆ ಅಲ್ಲಿರುತ್ತದೆ ಎಂದು ಸದಾನಂದ ಹೇಳುತ್ತಿದ್ದ. ಜೊತೆಗೆ, ಇದು ಕಾರಣವಲ್ಲ ಮಾರಾಯ, ಇದು ವಿವರಣೆ ಎಂದೂ ಹೇಳುತ್ತಿದ್ದ.

"ಈಗ ಏನಾಯಿತು?" ಎಂದ ವ್ಯಾಪಾರಿ.

"ಅವನ ಲೆಕ್ಕ ಸುಳ್ಳು ಅಂತ ಯಾರೋ ಅನುಮಾನಪಟ್ಟಿದ್ದಾರೆ."

"ಸುಳ್ಳಾ?"

ನಾನು ಕಿಟಕಿಯಾಚೆ ನೋಡಿದೆ. ವ್ಯಾಪಾರಿ ಮಾದರಿ ತುಂಡುಗಳನ್ನು ಮಡಿಸತೊಡಗಿದ.

ಮಣಿನಗರ

ಸದಾನಂದನ ಮನೆ ಅಹಮದಾಬಾದಿನ ಮಣಿನಗರದ ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆ. ಮೂರನೇ ಮಹಡಿ. ಮೆಟ್ಟಿಲಿನ ಗೋಡೆಯಲ್ಲಿ ಭೂಕಂಪದ ಬಿರುಕಿಗೆ ಸಿಮೆಂಟ್ ತುಂಬಿದ್ದರು, ಬಣ್ಣ ಹೊಡೆದಿರಲಿಲ್ಲ. ಮೇ ತಿಂಗಳು. ಕೈಯಿಟ್ಟರೆ ಗೋಡೆ ರೊಟ್ಟಿಯ ಹೆಂಚಿನ ಹಾಗೆ ಬಿಸಿ.

ಬಾಗಿಲು ತೆಗೆದದ್ದು ಅವನ ಹೆಂಡತಿ ಗಿರಿಜಾ. ಧಾರವಾಡದವರು, ವಿಮಾ ಕಚೇರಿಯಲ್ಲಿ ಕೆಲಸ. ಅವರಿಗೆ ಇಲ್ಲಿಗೆ ವರ್ಗವಾದಾಗ ಸದಾನಂದನೂ ಬಂದು ವಡೋದರಾದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ. ಎಂಟು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಇಷ್ಟೂ, ಯಾರೋ ಅನುಮಾನಪಟ್ಟ ಸಂಗತಿಯೂ, ಗಿರಿಜಾ ನನ್ನನ್ನು ಕರೆಸಲು ಬರೆದ ಪತ್ರದಲ್ಲಿತ್ತು.

"ಬರ್ರಿ ಮಾಸ್ತರ್ರ. ಗಾಡಿ ಲೇಟಾತೇನು? ಮೊದ್ಲ ಮಜ್ಜಗಿ ಕುಡೀರಿ. ಇಲ್ಲಿ ಬಿಸಿಲು ನಮ್ಮ ಧಾರವಾಡದ್ದಲ್ಲ, ಮನಶ್ಯಾನ್ನ ಹಪ್ಪಳ ಮಾಡ್ತದ."

ಸದಾನಂದ ಕೂಲರಿನ ಎದುರು ಕುರ್ಚಿಯಲ್ಲಿದ್ದ. ತೆಳ್ಳಗಾಗಿದ್ದ. ನನ್ನನ್ನು ಕಂಡು ಮುಖದ ಎಡ ಅರ್ಧ ನಕ್ಕಿತು.

"ಬರ್ಕೋ," ಎಂದ.

ನಾನು ತಬ್ಬಿಬ್ಬಾದೆ. ಗಿರಿಜಾ ಲೋಟ ಕೆಳಗಿಟ್ಟರು.

"ಇದೊಂದಾ ಉಳದೈತ್ರಿ. ನೀರ್ ಬೇಕಂದ್ರೂ ಬರ್ಕೋ, ಬ್ಯಾನಿ ಆದ್ರೂ ಬರ್ಕೋ, ನನ್ನ ಬೈಯಬೇಕಾದ್ರೂ ಬರ್ಕೋ. ಡಾಕ್ಟರ್ ಅಂತಾರ, ಹಿಂಗ ಒಂದ ಶಬ್ದ ಉಳದು ಬ್ಯಾರೆ ಎಲ್ಲಾ ಹೋಗತಾವಂತ. ಇದಾ ಯಾಕ ಉಳೀತು ಅಂದ್ರ ಅವರಿಗೂ ಗೊತ್ತಿಲ್ಲ."

ನನಗೆ ಗೊತ್ತಿದೆ ಎಂದುಕೊಂಡೆ. ಮರ ಎಣಿಸುವ ಕೆಲಸಕ್ಕೆ ಇಬ್ಬರು ಬೇಕು, ಕೂಗುವವನು ಮತ್ತು ಬರೆಯುವವನು. ಸದಾನಂದ ಕಾಂಡದ ಮೇಲೆ ಅಂಗೈಯಿಟ್ಟು ಜಾತಿಯ ಹೆಸರು ಕೂಗುತ್ತಿದ್ದ, ಎದೆಯೆತ್ತರಕ್ಕೆ ಟೇಪು ಸುತ್ತಿ ಸುತ್ತಳತೆ ಕೂಗುತ್ತಿದ್ದ, ಆಮೇಲೆ "ಬರ್ಕೋ" ಅನ್ನುತ್ತಿದ್ದ. ನಾನು ಅದನ್ನೇ ತಿರುಗಿ ಒಪ್ಪಿಸಿ ಬರೆಯುತ್ತಿದ್ದೆ. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಅವನು ನನ್ನನ್ನು ಕರೆದೊಯ್ದಿದ್ದ. ದಿನಕ್ಕೆ ನೂರಾರು ಸಲ ಆ ಮಾತು. ಎಲ್ಲ ಮರೆತರೂ ನನ್ನನ್ನು ಕರೆಯುವ ಮಾತು ಅವನಲ್ಲಿ ಉಳಿದಿದೆ ಎನಿಸಿತು. ಗಿರಿಜಾಗೆ ಹಾಗೆಂದೇ ಹೇಳಿದೆ. ಅವರು ಸೆರಗಿನಿಂದ ಕಣ್ಣೊತ್ತಿಕೊಂಡು, "ನಿಮ್ಮನ್ನ ಕರೀಲಿಕ್ಕೆ ಹತ್ತಿದ್ರೇನು ಇಷ್ಟು ದಿನ," ಅಂದರು.

ಅವರ ಮಗಳು ಮೇಘಾ, ಹತ್ತನೇ ಕ್ಲಾಸು, ಮೂಲೆಯಲ್ಲಿ ಒಂದು ನೋಟ್‌ಬುಕ್ಕು ಹಿಡಿದು ಕುಳಿತಿದ್ದಳು. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಆಡಲು ಬರುವುದು ಕಮ್ಮಿ. ಅಪ್ಪ ಬರ್ಕೋ ಅಂದಾಗೆಲ್ಲ ಅವಳು ನಿಜವಾಗಿ ಬರೆದುಕೊಳ್ಳುತ್ತಾಳೆ. ಎಡಗಡೆ ಗಂಟೆ, ಬಲಗಡೆ ಕೊನೆಗೆ ಅವನಿಗೆ ಬೇಕಿದ್ದದ್ದು ಏನು ಎಂದು. ನೀರು, ಫ್ಯಾನು, ಮಗ್ಗುಲು, ಪರದೆ. ಕೆಲವು ಕಡೆ ಬಲಗಡೆ ಬರೀ ಗೆರೆ.

"ಪಾಪಾಗೆ ಪ್ಯಾಟರ್ನ್ ಇದೆ ಅಂಕಲ್," ಅಂದಳು. "ಮಾರ್ನಿಂಗ್ ಜಾಸ್ತಿ ವಾಟರ್."

ಊಟವಾದ ಮೇಲೆ ಗಿರಿಜಾ ಒಂದು ಪತ್ರ ತಂದರು. ಬರೆದವಳು ಹೇತಲ್, ಸದಾನಂದನ ಹಳೆಯ ವಿದ್ಯಾರ್ಥಿನಿ. ಈಗ ಅದೇ ಕಾಲೇಜಿನಲ್ಲಿದ್ದುಕೊಂಡು ಅವನ ಕೆಲಸವನ್ನು ಮುಂದುವರಿಸಲು ಚಳಿಗಾಲದಲ್ಲಿ ನಮ್ಮ ಆ ಕಾಡಿಗೆ ಹೋಗಿಬಂದಿದ್ದಳು. ಕಾಡಿನಲ್ಲಿ ನಾವು ಕೊನೆಗೆ ಎಣಿಸಿದ ನೆಲದ ಪಟ್ಟಿಯಲ್ಲಿ, ನಮ್ಮ ಎಣಿಕೆಯ ಪುಸ್ತಕ ಹೇಳುವಷ್ಟು ಬಲಗಿ ಅವಳಿಗೆ ಸಿಕ್ಕಿರಲಿಲ್ಲ. ಸರ್ ಅದನ್ನು ಹೇಗೆ ಬರೆದರು ಎಂದು ಯಾರಾದರೂ ಹೇಳಬಲ್ಲರೇ ಎಂದು ಬಹಳ ವಿನಯವಾಗಿ ಕೇಳಿದ್ದಳು.

"ವಿನಯದಾಗ ಕೇಳ್ಯಾಳ, ಖರೆ," ಅಂದರು ಗಿರಿಜಾ. "ಆದ್ರ ಕೇಳಿದ್ದು ಏನು? ನಿಮ್ಮನ್ಯಾವ್ರು ಸುಳ್ಳ ಬರದಾರೇನು ಅಂತ. ಅವರ ಬಾಯಿಲೆ ಹೇಳಂಗಿಲ್ಲ, ಕೈಲೆ ಬರೆಯಂಗಿಲ್ಲ. ಜೊತಿಗಿದ್ದವ್ರು ನೀವೊಬ್ರಾ. ನನಗ ಬ್ಯಾರೆ ಏನೂ ಬ್ಯಾಡ್ರಿ. ಅವರು ಖರೇ ಮನಶ್ಯಾನೋ ಅಲ್ಲೋ, ಅವರು ಇರೂದ್ರಾಗ ನನಗ ಗೊತ್ತಾಗಬೇಕು."

ಹೇಳಬೇಕಾಗಿದ್ದದ್ದು ಆಗ. ಕೊನೆಯ ಪಟ್ಟಿಯ ನಲವತ್ತೊಂದು ಮರಗಳ ಹೆಸರು ಅವನು ಕೂಗಿದ್ದಲ್ಲ, ನಾನೇ ಬರೆದದ್ದು. ಅವನಿಗೆ ಜ್ವರ ಬಂದು ಕಾಡು ಕಾಯುವ ವಾಚರನ ಗುಡಿಸಿಲಲ್ಲಿ ಮಲಗಿದ್ದಾಗ ಒಬ್ಬನೇ ಹೋಗಿದ್ದೆ. ಸುತ್ತಳತೆ ಪ್ರಾಮಾಣಿಕವಾಗಿ ಅಳೆದೆ. ಹೆಸರು ಗೊತ್ತಾಗಬೇಕಾದರೆ ತೊಗಟೆ ಕೆತ್ತಿ ಹಾಲು ನೋಡಬೇಕು, ಎಲೆ ಹುಡುಕಬೇಕು. ಅದು ನನಗೆ ಬರುತ್ತಿರಲಿಲ್ಲ. ಉಂಬಳ ಕಾಲು ತುಂಬಾ ಹತ್ತಿದ್ದವು. ಊರುಗೋಲಿನ ಬೇರು ಕಂಡ ಕಡೆ ಬಲಗಿ ಎಂದು ಬರೆದೆ. ಕಾಣದ ಕಡೆಯೂ, ಸುತ್ತ ಎಲ್ಲ ಅದೇ ಇದೆಯಲ್ಲ ಎಂದು, ಬಲಗಿ ಎಂದೇ ಬರೆದೆ. ಎಷ್ಟು ಕಂಡು ಬರೆದದ್ದು, ಎಷ್ಟು ಕಾಣದೆ ಬರೆದದ್ದು, ಅಂದು ಸಂಜೆಯೇ ನನಗೆ ಹೇಳಲಾಗುತ್ತಿರಲಿಲ್ಲ.

"ಸದಾನಂದ ಸುಳ್ಳು ಬರೆಯೋನಲ್ಲ," ಎಂದಷ್ಟೇ ಹೇಳಿದೆ. "ನಾಳೆ ನಾನು ವಡೋದರಾಕ್ಕೆ ಹೋಗಿಬರ್ತೀನಿ."

ಗಿರಿಜಾ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

ಬೆಳಗಿನ ಗಾಡಿ

ಅಹಮದಾಬಾದಿನಲ್ಲಿ ಮನೆ, ವಡೋದರಾದಲ್ಲಿ ಕೆಲಸ ಇರುವವರು ಸಾವಿರಾರು. ದಿನಾ ಹೋಗಿಬರುವ ಇದಕ್ಕೆ ಅಲ್ಲಿ ಅಪ್‌ಡೌನ್ ಎನ್ನುತ್ತಾರೆ, ಅದೊಂದು ವೃತ್ತಿ ಎಂಬಂತೆ. ಏನು ಮಾಡುತ್ತೀರಿ ಎಂದರೆ ಹನ್ನೆರಡು ವರ್ಷದಿಂದ ಅಪ್‌ಡೌನ್ ಮಾಡುತ್ತೇನೆ ಅನ್ನುತ್ತಾರೆ. ಸದಾನಂದ ದಿನಾ ಜೊತೆಗೆ ಅಪ್‌ಡೌನ್ ಮಾಡುತ್ತಿದ್ದ ಗುಂಪಿನ ಹಿರಿಯ ಪರೇಶ್‌ಭಾಯಿ, ಔಷಧ ಕಾರ್ಖಾನೆಯ ಸ್ಟೋರ್‌ಕೀಪರ್, ಗಿರಿಜಾ ಹೇಳಿಕಳಿಸಿದ್ದರಿಂದ ನನ್ನನ್ನು ಮಣಿನಗರದ ಪ್ಲಾಟ್‌ಫಾರಂನಲ್ಲಿ ಹುಡುಕಿ ಹತ್ತಿಸಿಕೊಂಡರು. ಒಳಗೆ ಆರು ಸೀಟಿನ ಮೇಲೆ ಆರು ಕರವಸ್ತ್ರ. ಕರವಸ್ತ್ರ ಇದ್ದಲ್ಲಿ ಬೇರೆಯವರು ಕೂರುವುದಿಲ್ಲ. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಆಮೇಲೆ ಜಗಳಾಡುತ್ತೇವೆ. ಅಲ್ಲಿ ಜಗಳವೇ ಇಲ್ಲ. ಹೊಸಬರು ಬಂದು ನೋಡಿ, ಸುಮ್ಮನೆ ಬಾಗಿಲ ಬಳಿ ನಿಲ್ಲುತ್ತಾರೆ. ಕಾಡಿನಲ್ಲಿ ಬಲಗಿಯ ನೆರಳಿಗೆ ಬಿದ್ದ ಬೇರೆ ಬೀಜಗಳ ಹಾಗೆ ಎಂದು ಆಗ ಹೊಳೆಯಿತು. ಈಗ ಅದು ಅತಿಯಾಯಿತು ಅನಿಸುತ್ತದೆ. ಅವರೆಲ್ಲ ವಡೋದರಾ ಮುಟ್ಟಿದರು, ಬೀಜಗಳು ಮುಟ್ಟುವುದಿಲ್ಲ.

ಕಿಟಕಿ ಪಕ್ಕದ ಕರವಸ್ತ್ರ ತೆಗೆದು ಪರೇಶ್‌ಭಾಯಿ ನನ್ನನ್ನು ಕೂರಿಸಿದರು.

"ಸಾಹೇಬರ ಜಾಗ. ಎಂಟು ತಿಂಗಳಿಂದ ದಿನಾ ಹಾಸುತ್ತೇವೆ. ಆಣಂದ್ ಸ್ಟೇಷನ್ ಬರುವ ತನಕ ಖಾಲಿ, ಆಮೇಲೆ ಯಾರಾದರೂ ಹೆಂಗಸರಿಗೆ ಬಿಡುತ್ತೇವೆ."

ಅವರ ಭಾಷೆ ಹಿಂದಿಯೂ ಗುಜರಾತಿಯೂ ಸೇರಿದ್ದು, ನನಗೆ ಮುಕ್ಕಾಲು ತಿಳಿಯುತ್ತಿತ್ತು. ಮೆಂತ್ಯದ ರೊಟ್ಟಿ, ಥೇಪ್ಲಾ, ಬಿಚ್ಚಿದರು. ಮಂಡಿಯ ಮೇಲೆ ಸೂಟ್‌ಕೇಸ್ ಇಟ್ಟು ಇಸ್ಪೀಟು ಹಾಕಿದರು. ಮೊದಲ ಆಟ ಮುಗಿಯಿತು. ಗೆದ್ದವನು ಎಲೆಗಳನ್ನು ಸೂಟ್‌ಕೇಸಿಗೆ ಬಡಿದು ಹೇಳಿದ:

"ಬರ್ಕೋ!"

ಪಾಯಿಂಟ್ ಬರೆಯುವವನು ಸಿಗರೇಟ್ ಪ್ಯಾಕಿನ ಹಿಂಭಾಗದಲ್ಲಿ ಬರೆದುಕೊಂಡ. ನನ್ನ ಕೈಯಲ್ಲಿದ್ದ ಥೇಪ್ಲಾ ಬಾಯಿಗೆ ಹೋಗಲಿಲ್ಲ.

"ಇದು ಎಲ್ಲಿಂದ ಬಂತು?"

"ಸಾಹೇಬರಿಂದ," ಎಂದರು ಪರೇಶ್‌ಭಾಯಿ. "ಏಳೆಂಟು ವರ್ಷದಿಂದ ಎಲ್ಲರೂ ಹೀಗೇ ಅನ್ನೋದು. ಅರ್ಥ ಏನು? ಬೈಗುಳ ಅಲ್ಲ ತಾನೇ? ನನ್ನ ಮೊಮ್ಮಗನೂ ಕಲಿತಿದ್ದಾನೆ."

ಅಲ್ಲ, ಬರೆದುಕೋ ಅಂತ ಅರ್ಥ ಎಂದೆ. ಎಲ್ಲರಿಗೂ ನಿರಾಸೆಯಾಯಿತು. ಇಷ್ಟು ಸಪ್ಪೆ ಅರ್ಥವನ್ನು ಅವರು ನಿರೀಕ್ಷಿಸಿರಲಿಲ್ಲ.

ನನ್ನ ನಿರಾಸೆ ಬೇರೆ. ನನ್ನ ಜೊತೆ ಅವನು ಆ ಮಾತನ್ನು ಆಡಿದ್ದು ಎರಡು ಬೇಸಿಗೆ. ಇವರ ಜೊತೆ ಏಳೆಂಟು ವರ್ಷ, ಹೋಗುವಾಗ ಬರುವಾಗ. ಕುರ್ಚಿಯಲ್ಲಿ ಕುಳಿತು ಅವನು ಬರ್ಕೋ ಅಂದಾಗ ಕಾಣುವುದು ಕಾಡೋ, ಈ ಸೂಟ್‌ಕೇಸೋ, ಏನೂ ಅಲ್ಲವೋ. ನಿನ್ನೆ ಗಿರಿಜಾಗೆ ನಾನು ಅಷ್ಟು ನಿಶ್ಚಯವಾಗಿ ಹೇಳಿ ಅವರ ಕಣ್ಣಲ್ಲಿ ನೀರು ತರಿಸಿದ್ದೆ. ಒಂದು ಬೇರು ಕಂಡಿತು, ಹೆಸರು ಬರೆದೆ. ಮತ್ತೆ ಅದೇ ಕೆಲಸ.

ವಡೋದರಾ

ಹೇತಲ್‌ಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು. ರಜೆಯ ಕಾಲೇಜು, ಕಾರಿಡಾರಿನಲ್ಲಿ ನಾಯಿ ಮಲಗಿತ್ತು. ಒಣಗಿದ ಎಲೆಗಳ ಕಪಾಟುಗಳ ನಡುವೆ ಮೇಜಿನ ಮೇಲೆ ನಮ್ಮ ಏಳು ಪುಸ್ತಕಗಳನ್ನು ಅವಳು ಮೊದಲೇ ಜೋಡಿಸಿಟ್ಟಿದ್ದಳು. ನಾನು ಕೂರುವ ಮೊದಲೇ ಹೇಳಿಬಿಟ್ಟೆ. ಕೊನೆಯ ನಲವತ್ತೊಂದು ನನ್ನವು. ಅವಳು ಹಿಂದಿಯಲ್ಲಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು. ಬೈಯಲಿಲ್ಲ.

"ಅಂಕಲ್, ಆ ಪಟ್ಟಿಯೇ ಯಾಕೆ ಮುಖ್ಯ ಗೊತ್ತಾ? ಅದು ಅಂಚು. ಬಲಗಿಯ ರಾಜ್ಯ ಅಲ್ಲಿ ಗೋಡೆ ಕಟ್ಟಿದ ಹಾಗೆ ಮುಗಿಯುತ್ತದೆ, ನಿಧಾನವಾಗಿ ತೆಳುವಾಗಿ ಅಲ್ಲ, ಎಂದು ಸರ್ ಬರೆದರು. ಅವರ ಇಡೀ ವಾದ ಆ ಗೋಡೆಯ ಮೇಲಿದೆ. ನಾನು ಹೋದಾಗ ಅಲ್ಲಿ ಗೋಡೆ ಇರಲಿಲ್ಲ. ದೊಡ್ಡ ಮರಗಳು ಬಿದ್ದು ಕೊಳೆತಿದ್ದವು. ನೀವು ಮರಗಳಿಗೆ ಹೊಡೆದಿದ್ದ ನಂಬರಿನ ತಗಡು ಒಂದೂ ಸಿಗಲಿಲ್ಲ. ಬಿದ್ದವು ಬಲಗಿಯಾಗಿದ್ದರೆ, ಬಲಗಿ ಅಂಚಿನಿಂದ ಹಿಂದೆ ಸರಿಯುತ್ತಿದೆ. ಅದು ದೊಡ್ಡ ಸುದ್ದಿ, ಕೆಟ್ಟ ಸುದ್ದಿ. ಬಲಗಿಯಾಗಿರದಿದ್ದರೆ, ಸುದ್ದಿಯೇ ಇಲ್ಲ. ಪುಸ್ತಕವೇ ತಪ್ಪು."

"ಪುಸ್ತಕ ತಪ್ಪು," ಎಂದೆ. "ಬರೆದುಕೊಳ್ಳಿ, ನಾನೇ ಹೇಳ್ತಿದ್ದೀನಿ."

ಅವಳು ಏಳನೇ ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿದಳು. ನನ್ನ ದುಂಡಗಿನ ಅಕ್ಷರ. ನಲವತ್ತೊಂದು ಸಾಲು, ಬಲಗಿ, ಬಲಗಿ, ಬಲಗಿ. ಪ್ರತಿ ಸಾಲಿನ ಕೊನೆಯಲ್ಲೂ ಪೆನ್ಸಿಲಿನ ಒಂದು ಸಣ್ಣ ಟಿಕ್ ಗುರುತು.

"ಇವೂ ನಿಮ್ಮವಾ?"

ನನ್ನವಲ್ಲ. ಟಿಕ್ ಹಾಕುವುದು ಸದಾನಂದ ಒಬ್ಬನೇ. ಪ್ರತಿ ಸಂಜೆ, ಆ ದಿನ ತಂದ ಎಲೆ ಕಾಗದದ ಮಡಿಕೆಯಲ್ಲಿ ಇದೆಯೇ ಎಂದು ನೋಡಿ, ಅನುಮಾನ ಉಳಿಯದಿದ್ದರೆ ಮಾತ್ರ ಟಿಕ್. ಅನುಮಾನವಿದ್ದರೆ ಮಾರನೆಯ ದಿನ ಮರದ ಹತ್ತಿರ ಮತ್ತೆ ಹೋಗುತ್ತಿದ್ದ. ಒಂದು ಗುರುತಿಗಾಗಿ ನನ್ನನ್ನು ಮೂರು ಮೈಲಿ ವಾಪಸು ನಡೆಸಿದವನು ಅವನು. ನಾನು ಆ ದಿನ ಒಂದು ಎಲೆಯನ್ನೂ ತಂದಿರಲಿಲ್ಲ. ಹಾಗಾದರೆ ಅವನು ಮರಗಳ ಹತ್ತಿರವೇ ಹೋಗಿರಬೇಕು. ಹೋಗಲು ಸಾಧ್ಯವಿತ್ತು: ಮಾರನೆಯ ಬೆಳಿಗ್ಗೆ ನಾನು ಅಕ್ಕಿ, ಮಾತ್ರೆ ತರಲು ಪೇಟೆಗೆ ಇಳಿದವನು ಮರಳಿದ್ದು ಎರಡು ದಿನದ ನಂತರ. ಬಂದಾಗ ಅವನ ಜ್ವರ ಬಿಟ್ಟಿತ್ತು. ಅಥವಾ ಅವನು ಎಲ್ಲೂ ಹೋಗದೆ, ಗುಡಿಸಿಲಿನ ಚಾಪೆಯ ಮೇಲೆ ಮಲಗಿ, ಗೆಳೆಯ ಬರೆದದ್ದು ಸರಿಯಿರುತ್ತದೆ ಎಂದು ನಲವತ್ತೊಂದು ಗುರುತು ಹಾಕಿದ.

ಮೊದಲನೆಯದಾದರೆ ನನ್ನ ಊಹೆ ಸರಿಯಿತ್ತು, ಮರಗಳು ಬಲಗಿಯೇ, ಕಾಡು ನಿಜವಾಗಿ ಬದಲಾಗುತ್ತಿದೆ. ಎರಡನೆಯದಾದರೆ ಅವನು ಜೀವನದಲ್ಲಿ ಒಂದೇ ಒಂದು ಸಲ ನೋಡದೆ ಗುರುತು ಹಾಕಿದ್ದು ನನ್ನನ್ನು ನಂಬಿ.

ಹೇತಲ್ ಕೇಳಿದಳು, "ಆ ಕೊನೆಯ ದಿನಗಳಲ್ಲಿ ಅವರು ಏನಾದರೂ ಹೇಳಿದ್ದರಾ? ಅಲ್ಲಿಗೆ ಹೋಗಿದ್ದೆ ಅಂತ?"

ಆ ಗುಡಿಸಿಲಿನ ಬಾಗಿಲಿನ ಹೊರಗೆ ಒಣಗಲು ಹಾಕಿದ ಅವನ ಒದ್ದೆ ಪ್ಯಾಂಟು ಕಣ್ಣಿಗೆ ಬಂತು, ಕಾಡಿನಲ್ಲಿ ನಡೆದು ಬಂದವನ ಪ್ಯಾಂಟು. ಹೇಳಲು ಬಾಯಿ ತೆರೆದೆ. ಆದರೆ ಆ ಪ್ಯಾಂಟು ಯಾವ ದಿನದ್ದು? ಅರವತ್ತು ದಿನ ಅದೇ ಬಾಗಿಲ ಮುಂದೆ ಅದೇ ಪ್ಯಾಂಟು ಒಣಗುತ್ತಿತ್ತು. ನನಗೆ ಬೇಕಾದ ದಿನಕ್ಕೆ ಅದನ್ನು ಎಳೆದು ತಂದು ಹಾಕುವುದು ಸುಲಭ.

"ನೆನಪಿಲ್ಲ," ಎಂದೆ.

ಪುಟದ ಕೆಳಗೆ ನನ್ನಿಂದ ಒಂದು ಟಿಪ್ಪಣಿ ಬರೆಸಿಕೊಂಡಳು: ಈ ಹೆಸರುಗಳನ್ನು ಬರೆದವನು ನಾನು, ಗುರುತು ನನ್ನದಲ್ಲ. ಸಹಿ ಹಾಕಿದೆ. ನಲವತ್ತೊಂದನ್ನೂ ತನ್ನ ಲೆಕ್ಕದಿಂದ ಬಿಡುತ್ತೇನೆ ಎಂದಳು. "ಅಂಚು ಇಲ್ಲದೆ ಬರೆಯುತ್ತೇನೆ. ಸರ್ ಹೆಸರಿಗೆ ಏನೂ ಆಗುವುದಿಲ್ಲ. ಅವರ ಗೋಡೆ ಮಾತ್ರ ಹೋಗುತ್ತದೆ."

ಆ ಪುಟದ ನೆರಳಚ್ಚು ತೆಗೆದುಕೊಟ್ಟಳು.

ಮತ್ತೆ ಮಣಿನಗರ

ಗಿರಿಜಾಗೆ ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ, ಇಸ್ಪೀಟಿನ ಸಂಗತಿಯನ್ನೂ. ಅವರು ಕಣಕ ನಾದುವುದನ್ನು ನಿಲ್ಲಿಸಲಿಲ್ಲ.

"ಹದಿನಾರು ವರ್ಷ ಯಾಕ ಸುಮ್ಮನಿದ್ರಿ? ಇವರ ಬಾಯಿ ಇದ್ದಾಗ ಕೇಳಿದ್ರ ಒಂದ ನಿಮಿಷದ ಮಾತಿತ್ತು."

"ಹೆದರಿಕೆ."

"ಯಾರದು? ಇವರದಾ? ಇವರು ಇರುವಿ ಹೊಸಕದ ಮನಶ್ಯಾ."

ಗಿರಿಜಾ ಕೈ ತೊಳೆದು ಬಂದು, ನೆರಳಚ್ಚನ್ನು ತಾವೇ ಸದಾನಂದನ ಮುಂದೆ ಹಿಡಿದು, ಕೇಳಿ ಎಂಬಂತೆ ನನಗೆ ಕಣ್ಸನ್ನೆ ಮಾಡಿದರು.

ಮಂಡಿಯೂರಿ ಕುಳಿತೆ. "ಸದಾನಂದ, ನೀನು ಆ ಮರಗಳ ಹತ್ರ ಹೋಗಿದ್ಯಾ?"

ಅವನು ಹಾಳೆ ನೋಡಿದ. ಎಡಗೈ ಬೆರಳಿಂದ ಗುರುತುಗಳ ಮೇಲೆ ಮೇಲಿನಿಂದ ಕೆಳಗೆ ಎಳೆದ. ತಲೆಯಾಡಿಸಿದ, ಹೌದು.

ಗಿರಿಜಾ ಉಸಿರು ಬಿಟ್ಟರು. ಸುಮ್ಮನಿರಬಹುದಾಗಿತ್ತು. ಆದರೂ ಕೇಳಿದೆ, "ಹೋಗಲಿಲ್ಲವಾ? ನನ್ನನ್ನ ನಂಬಿ ಹಾಕಿದ್ಯಾ?"

ಅದೇ ವೇಗದಲ್ಲಿ, ಅದೇ ಅರ್ಧ ನಗೆಯಲ್ಲಿ ತಲೆಯಾಡಿಸಿದ, ಹೌದು.

"ಸಾಕ್ರಿ ಮಾಸ್ತರ್ರ," ಅಂದರು ಗಿರಿಜಾ. "ದಣೀತಾರ."

ಮರುದಿನ ಹೊರಟೆ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಸದಾನಂದ ತೀರಿಕೊಂಡ. ಗಿರಿಜಾ ಪತ್ರ ಬರೆದರು, ಮೊದಲಿಗಿಂತ ಚಿಕ್ಕದು. ಹೇತಲ್‌ಳ ಲೇಖನ ಬಂದಿದೆಯೆಂದು ಕೇಳಿದೆ, ಓದಿಲ್ಲ. ಅದರಲ್ಲಿ ಬಲಗಿಯ ಕಾಡಿಗೆ ಅಂಚು ಇಲ್ಲ ಎಂಬುದು ಮಾತ್ರ ನನಗೆ ಗೊತ್ತು. ನಾನು ಪೇಟೆಗೆ ಇಳಿದಿದ್ದ ಆ ಎರಡು ದಿನ ಸದಾನಂದ ಎಲ್ಲಿದ್ದ, ಆ ನಲವತ್ತೊಂದು ಮರಗಳು ಯಾವುವು, ನನಗೆ ಗೊತ್ತಿಲ್ಲ.